ರಾಕ್ಷಸಿಯ ಬಲಗೆನ್ನೆ

ಬ್ರಹ್ಮಾವರದ ಹೆದ್ದಾರಿ ಬದಿಯ ಟೈಲ್ಸ್ ಅಂಗಡಿಯೊಂದರಲ್ಲಿ ಸುಶಾಂತನಿಗೆ ಬಿಲ್ಲು ಬರೆಯುವ ಕೆಲಸ. ಕಮೋಡು, ವಾಶ್‌ಬೇಸಿನ್, ನಲ್ಲಿ, ಅದಕ್ಕೆ ಬೇಕಾದ ಪೈಪು. ಹೊಸಬರು ಯಾರಾದರೂ ‘ಎಂತ ಮಾಡ್ಕಂಡಿದ್ದಿ?’ ಎಂದರೆ ಅವನು ‘ಆರ್ಟಿಸ್ಟ್’ ಎನ್ನುವನು. ಕೇಳಿದವರು ಮನೆ ಕಟ್ಟಿಸುತ್ತಿದ್ದಾರೆ ಎಂದು ಗೊತ್ತಾದರೆ ಮಾತ್ರ ಕಮೋಡಿನ ಸುದ್ದಿ ತೆಗೆಯುವನು.

ಆರ್ಟಿಸ್ಟ್ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಸ್ಟಿಮೇಟ್ ಹಾಳೆಗಳ ಬೆನ್ನಿಗೆ ಅವನು ಯಕ್ಷಗಾನದ ರಾಕ್ಷಸರನ್ನು ಬರೆಯುತ್ತಿದ್ದ. ಬರೇ ಕಪ್ಪು ಶಾಯಿ, ಬೇರೆ ಬಣ್ಣವಿಲ್ಲ. ಒಮ್ಮೆ ಹಂಗಾರಕಟ್ಟೆಯವರೊಬ್ಬರು ಎಸ್ಟಿಮೇಟ್ ಮನೆಗೆ ಒಯ್ದವರು ಮಾರನೇ ದಿನ ಬಂದು, ಹಾಳೆಯನ್ನು ತಿರುವಿ ಮೇಜಿನ ಮೇಲಿಟ್ಟು, ‘ಕಮೋಡ್ ಅಡ್ಡಿಲ್ಲೆ ಮಾರಾಯ. ಇಂವ ಅದ್ರ ಒಟ್ಟಿಗೇ ಬತ್ನಾ, ಬೇರೆ ತಕಣ್ಕಾ?’ ಎಂದು ಕೇಳಿದ್ದರು. ಧಣಿ ನಕ್ಕರು. ಗಿರಾಕಿ ಹೋದ ಮೇಲೆ ಬೈದರು.

ಸುಶಾಂತನ ಚಿತ್ರದ ವಿಶೇಷವೆಂದರೆ ನೆರಳು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು: ಬೆಳಕು ಒಂದು ಬದಿಯಿಂದ ಬರಬೇಕು, ಇನ್ನೊಂದು ಬದಿ ಕಾಡಿಗೆಯ ಹಾಗೆ ಕಪ್ಪಾಗಬೇಕು. ಬ್ರಶ್ ಪೆನ್ನು ಹಿಡಿದು ಅರ್ಧ ಮುಖವನ್ನು ಶಾಯಿಯಲ್ಲಿ ಮುಳುಗಿಸಿದರೆ ಉಳಿದರ್ಧ ಎದ್ದು ಬರುತ್ತಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಅಮಾಸೆಬೈಲಿನ ಅತ್ತೆಯ ಮಗ ರತನ್ ತಪ್ಪದೆ ‘ಎಂತಾ ಡೆಪ್ತ್ ಮಾರಾಯ’ ಎಂದು ಬರೆಯುತ್ತಿದ್ದ. ಆ ಡೆಪ್ತಿನೊಳಗೆ ಏನಿದೆ ಎಂದು ಸುಶಾಂತನಿಗೆ ಮಾತ್ರ ಗೊತ್ತು. ಅವನಿಗೆ ಕೈಬೆರಳು ಬರೆಯಲು ಬರುವುದಿಲ್ಲ; ಅಲ್ಲಿ ನೆರಳು. ಎರಡು ಕಿವಿ ಒಂದೇ ಎತ್ತರಕ್ಕೆ ಕೂರುವುದಿಲ್ಲ. ಒಂದು ಕಿವಿಗೆ ನೆರಳು. ಅವನ ರಾಕ್ಷಸರು ಗಂಭೀರವಾಗಿ ಕಾಣುತ್ತಿದ್ದುದು ಅವನಿಗೆ ಬಾರದ ಸಂಗತಿಗಳ ಬಲದಿಂದ.

ಬಿಜೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ನೇತಾಡಿ ಸಾಕಾಗಿ ಅವನು ಸಾಲಿಗ್ರಾಮದಲ್ಲೊಂದು ರೂಮು ಹಿಡಿದಿದ್ದ. ಕೆಳಗೆ ಬ್ಯೂಟಿ ಪಾರ್ಲರ್, ಮೇಲೆ ಇವನು. ಪಾರ್ಲರ್ ನಡೆಸುವ ಶ್ರೀವಿದ್ಯಕ್ಕ ಆ ಕಡೆಯ ಮದುಮಕ್ಕಳಿಗೆಲ್ಲ ಮುಖ ಮಾಡಿಕೊಡುವವಳು. ಒಂದು ಬೆಳಿಗ್ಗೆ ಅವನು ಮೆಟ್ಟಿಲಿಳಿಯುವಾಗ ಒಳಗಿನಿಂದ ಕೂಗು ಬಂತು.

‘ಹ್ವಾಯ್ ಸುಶಾಂತಾ, ಒಂಚೂರ್ ಬಾ ಇಲ್ಲೆ.’

ಕುರ್ಚಿಯಲ್ಲಿ ಒಬ್ಬ ಮದುಮಗಳು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಒಂದು ಕೆನ್ನೆ ಮುಗಿದಿತ್ತು, ಇನ್ನೊಂದು ಬಾಕಿ ಇತ್ತು. ಶ್ರೀವಿದ್ಯಕ್ಕ ಮೂಗಿನ ಬದಿಗೆ ಕಂದು ಬಣ್ಣದ ಗೆರೆ ಎಳೆದು ಬೆರಳಿನಿಂದ ತೀಡುತ್ತಲೇ ಮಾತಾಡಿದಳು.

‘ನೀ ರಾಕ್ಷಸ್ರನ್ನ್ ಬರಿತ್ಯಲ್ದಾ? ನಮ್ ಅಪ್ಪಯ್ಯನ್ನ ಒಂದ್ ಬರ್ದ್ ಕೊಡ್ಕ್.’

ಮದುಮಗಳು ಕಣ್ಣು ಮುಚ್ಚಿಕೊಂಡೇ ಕಿಸಕ್ಕೆಂದಳು. ‘ನಗ್ಬೇಡ ಹೆಣೆ, ಗೆರೆ ಹಾಳಾತ್ತ್’ ಎಂದು ಅವಳ ಗಲ್ಲ ಹಿಡಿದು ಶ್ರೀವಿದ್ಯಕ್ಕ ಸಂಗತಿ ಹೇಳಿದಳು.

ಅವಳಪ್ಪ ಕಮಲಾಕ್ಷಣ್ಣ ಕೋಟದ ಬದಿಯವರು. ಯಕ್ಷಗಾನ ಮೇಳದಲ್ಲಿ ಹೆಣ್ಣುಬಣ್ಣ, ಎಂದರೆ ರಾಕ್ಷಸಿಯ ವೇಷ, ಹಾಕುತ್ತಿದ್ದವರು. ಕೈ ನಡುಗಲು ಶುರುವಾದ ಮೇಲೆ ಮೇಳ ಬಿಟ್ಟು ಮನೆಯಲ್ಲಿದ್ದರು. ಈಗ ಊರಿನ ಯುವಕ ಮಂಡಲದವರು ತಮ್ಮ ವಾರ್ಷಿಕೋತ್ಸವದ ಸಂಜೆಗೆ ಒಂದು ವೇಷ ಮಾಡಿ ಎಂದು ಕೇಳಿದ್ದಾರೆ. ಇವರು ಹೂಂ ಅಂದಿದ್ದಾರೆ. ಕುಣಿಯುವುದಕ್ಕೆ ಕಾಲು ಇದೆ, ಆರ್ಭಟೆಗೆ ಗಂಟಲು ಇದೆ. ಮುಖಕ್ಕೆ ಬಣ್ಣ ಬರೆದುಕೊಳ್ಳಲು ಕೈ ಇಲ್ಲ. ಮೇಳದವರ ಕೈಲಿ ಬರೆಸಿಕೊಳ್ಳಿ ಎಂದರೆ, ಅವರು ಬರೆದರೆ ಅದು ಅವರ ರಾಕ್ಷಸಿ, ನನ್ನದಲ್ಲ ಎನ್ನುತ್ತಾರೆ.

‘ಕಡಿಗೆ ನಾನೇ ಬರಿತೆ ಅಂದೆ. ಆದ್ರೆ ನಾನ್ ಅಪ್ಪಯ್ಯನ್ ವೇಷ ಹತ್ರದಿಂದ ಕಂಡದ್ದೇ ಇಲ್ಲೆ. ಫೋಟೋದಗೆ ಕಾಂಬ ಅಂದ್ರೆ ಎಲ್ಲದ್ರಗೂ ಮೋರೆ ಬದ್ಲ್ ಒಂದ್ ಕೆಂಪು ಮುದ್ದೆ. ನೀ ಅವ್ರ ಹತ್ರ ಕೇಂಡ್, ಯಾವ್ದ್ ಎಲ್ಲಿ ಬತ್ತ್ ಅಂತ ಬರ್ದ್ ಕೊಟ್ರೆ ನಾ ಕಂಡ್ಕಂಡ್ ಮಾಡ್ತೆ.’

ಸುಶಾಂತ ಒಪ್ಪಿದ. ಜೀವಮಾನದಲ್ಲಿ ಮೊದಲ ಸಲ ಅವನ ರಾಕ್ಷಸನನ್ನು ಒಬ್ಬರು ಬೇಕು ಎಂದು ಕೇಳಿದ್ದರು.

ರಜೆಯ ದಿನ ಕೋಟದ ಮನೆಗೆ ಹೋದಾಗ ಕಮಲಾಕ್ಷಣ್ಣ ಜಗಲಿಯಲ್ಲಿ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಟ್ಟು ಕೂತಿದ್ದರು. ಎತ್ತರದ ಆಳು, ಅಗಲ ಹಣೆ, ದಪ್ಪ ಕನ್ನಡಕ. ಅವರ ಹೆಂಡತಿ ವೇದಾವತಮ್ಮ ಚಾ ತಂದಿಟ್ಟು, ‘ಕೈ ಕುಂಡಿ ಅಡಿಗೆ ಇಟ್ರೆ ನಡ್ಕ ನಿಲ್ಲತ್ತಾ? ಚಾ ಕುಡಿಯೂಕಾರೂ ತೆಗಿನಿ’ ಎಂದರು.

‘ಕಂಡ್ಯಾ? ಬಣ್ಣದ ವೇಷಕ್ಕೆ ಊರೇ ಹೆದ್ರತ್ತ್, ಇವ್ಳ್ ಒಬ್ಳ್ ಹೆದ್ರುದಿಲ್ಲೆ’ ಎಂದರು ಕಮಲಾಕ್ಷಣ್ಣ.

ಸುಶಾಂತನಿಗೆ ಕುತೂಹಲದ ರೋಗ. ಕಾಗದ ಬಿಚ್ಚುವ ಮೊದಲೇ ಕೇಳತೊಡಗಿದ. ರಾಕ್ಷಸಿಯಾದದ್ದು ಹೇಗೆ? ಅವರು ನಿಧಾನವಾಗಿ ಹೇಳಿದರು. ಸೇರಿದಾಗ ಸಪೂರ ಹುಡುಗ; ಸೀರೆ ಉಡಿಸಿ ಸ್ತ್ರೀವೇಷಕ್ಕೆ ನಿಲ್ಲಿಸಿದರು. ನಾಲ್ಕು ವರ್ಷ ರಾಣಿಯಾಗಿ, ಸಖಿಯಾಗಿ ಕುಣಿದರು. ಆಮೇಲೆ ಭುಜ ಅಗಲವಾಯಿತು, ದನಿ ಒಡೆಯಿತು. ಪಕ್ಕದಲ್ಲಿ ನಿಂತ ರಾಜ ಕುಳ್ಳಗೆ ಕಾಣುತ್ತಾನೆ ಎಂದು ರಾಜವೇಷದವರು ದೂರಿದರು. ಅದೇ ಹೊತ್ತಿಗೆ ಹೆಣ್ಣುಬಣ್ಣದವರು ಜ್ವರ ಬಂದು ಮಲಗಿದರು. ‘ಆ ದಿನ ರಾಕ್ಷಸಿ ಮಾಡ್ದೆ. ರಾಣಿ ಆಯ್ಕಾರೆ ಹೊಟ್ಟೆ ಎಳ್ಕಣ್ಕ್, ಬಾಯಿ ಸಣ್ಣ ಮಾಡ್ಕ್. ರಾಕ್ಷಸಿಗೆ ಅದೆಂತ ಇಲ್ಲೆ. ಉಸ್ರ್ ಬಿಡೂಕೆ ಜಾಗ ಸಿಕ್ತ್ ನಂಗೆ.’ ಮತ್ತೆ ಅವರು ಹಿಂದೆ ಹೋಗಲಿಲ್ಲ. ಆರು ತಿಂಗಳು ಮೇಳದಲ್ಲಿ, ಆರು ತಿಂಗಳು ಗದ್ದೆಯಲ್ಲಿ. ಬಸ್ಸಿನಲ್ಲಿ ಹೋದರೆ ಅಳುವ ಮಕ್ಕಳಿಗೆ ತಾಯಂದಿರು ಇವರನ್ನೇ ತೋರಿಸುತ್ತಿದ್ದರು.

ಆಮೇಲೆ ಕೆಲಸ ಶುರುವಾಯಿತು. ಕಮಲಾಕ್ಷಣ್ಣ ತೋರುಬೆರಳನ್ನು ತನ್ನ ಮುಖದ ಮೇಲೆ ಓಡಿಸುತ್ತ ಹೋದರು. ಸುಶಾಂತ ಅದನ್ನು ಕಾಗದಕ್ಕೆ ಇಳಿಸುತ್ತ ಹೋದ. ಬೆರಳು ನಡುಗುತ್ತಿತ್ತು. ಆ ನಡುಗುವ ಗೆರೆಯೊಳಗೆ ಹಿಂದೆ ನಡುಗದೆ ಇದ್ದ ಗೆರೆ ಯಾವುದು ಎಂದು ಅವನು ಊಹಿಸಬೇಕಾಯಿತು. ಇಲ್ಲಿ ಅಡಗಲು ನೆರಳಿರಲಿಲ್ಲ. ಎರಡೂ ಕೆನ್ನೆ ಬರೆಯಬೇಕು, ಎರಡೂ ಕಿವಿ ಒಂದೇ ಎತ್ತರಕ್ಕೆ ಕೂರಬೇಕು. ರಬ್ಬರಿನ ಹೊಟ್ಟು ಜಗಲಿ ತುಂಬ ಬಿತ್ತು.

‘ಕಣ್ಣಿನ ಸುತ್ತ ಇಷ್ಟು ದಪ್ಪ ಕಪ್ಪು ಯಾಕೆ ಕಮಲಾಕ್ಷಣ್ಣ? ಕ್ರೂರ ಅಂತ ತೋರಿಸಲಿಕ್ಕಾ?’ ಸುಶಾಂತ ಅರ್ಥ ಹುಡುಕುವವನು. ಗೌರವದವರ ಎದುರು ಅವನ ಮಾತು ಪುಸ್ತಕದ ಕಡೆಗೆ ವಾಲುತ್ತಿತ್ತು.

‘ಕಪ್ಪ್ ಅಂದ್ರೆ ಕ್ರೂರವಾ? ಕಾಗೆ ಎಂತ ಮಾಡ್ತ್ ನಿಂಗೆ? ಕಡೇ ಸಾಲ್ದಗೆ ಕೂತವನಿಗೆ ಕಣ್ಣ್ ಕಾಂಬುಕೆ ಅದ್.’

‘ಮತ್ತೆ ಈ ಬಿಳಿ ಚುಕ್ಕೆಗಳ ಸಾಲು?’

‘ಅದ್ ಚುಟ್ಟಿ. ಅಕ್ಕಿಹಿಟ್ಟ್, ಸುಣ್ಣ ಕಲ್ಸಿ ಕಡ್ಡಿಯಗೆ ಇಡುದ್. ಬೆಳ್ಕ್ ಬಿದ್ರೆ ಒಂದೊಂದೂ ಹೊಳಿತ್ತ್. ನಮ್ ಕಾಲ್ದಗೆ ಎರಡೂ ಬದಿಯಗೆ ಗ್ಯಾಸ್‌ಲೈಟ್ ಇಡ್ತಿದ್ರ್. ಮೋರೆ ಮೇಲೆ ನೆರಳೇ ಬೀಳೂಕಿಲ್ಲೆ. ಹಾಂಗಾಯಿ ನೆರಳನ್ನೂ ನಾವೇ ಬರ್ಕಂಬುದ್.’

ಸುಶಾಂತ ಪೆನ್ಸಿಲ್ ನಿಲ್ಲಿಸಿದ. ನೆರಳು ಬೀಳುವ ವಸ್ತು ಎಂದು ಅವನು ತಿಳಿದಿದ್ದ. ಇವರು ಅದನ್ನು ಸಂಜೆ ಹಚ್ಚಿಕೊಂಡು ಬೆಳಿಗ್ಗೆ ಎಣ್ಣೆಯಲ್ಲಿ ಒರೆಸುತ್ತಿದ್ದ ವಸ್ತು ಎನ್ನುತ್ತಿದ್ದಾರೆ. ಆ ಮಾತು ಅವನಿಗೆ ಬಹಳ ಹಿಡಿಸಿತು. ಹಿಡಿಸಿತು ಅಷ್ಟೇ, ತಲೆಗೆ ಇಳಿಯಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೊನೆಗೆ ನಡುಗುವ ಬೆರಳು ಬಲಗೆನ್ನೆಯ ಕೆಳಗೆ, ಬಾಯಿಯ ಕೋರೆಹಲ್ಲು ಬರುವಲ್ಲಿಂದ ಸ್ವಲ್ಪ ಆಚೆ, ಬಂದು ನಿಂತಿತು.

‘ಇಲ್ಲೊಂದ್ ಬೊಟ್ಟ್. ಕಾಡಿಗೆದ್. ಸಣ್ಣದ್.’

‘ಇದು ಯಾಕೆ?’

‘ಆಟ ಕಳ್ದ್ ಮೇಲೆ ಹೇಳ್ತೆ. ಬಾಕಿ ಎಂತ ಬಿಟ್ರೂ ಅಡ್ಡಿಲ್ಲೆ ಮಗಾ, ಇದೊಂದ್ ಬಿಡ್ಬೇಡ. ಇದ್ ಇಲ್ದಿರೆ ನಾ ತೆರೆಯಿಂದ ಹೊರ್ಗ್ ಬತ್ತಿಲ್ಲೆ.’

ನಗುತ್ತ ಹೇಳಿದ್ದರೂ ಮಾತು ತಮಾಷೆಯದ್ದಾಗಿರಲಿಲ್ಲ. ವೇದಾವತಮ್ಮ ಚಾದ ಲೋಟ ತೆಗೆಯುತ್ತಿದ್ದವರು ಒಂದು ಸಲ ಗಂಡನ ಮುಖ ನೋಡಿ ಒಳಗೆ ಹೋದರು. ಸುಶಾಂತ ಬೊಟ್ಟು ಇಟ್ಟ. ಕಮಲಾಕ್ಷಣ್ಣ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು, ಹಾಳೆಯೂ ನಡುಗುತ್ತಿರಲು ಬಹಳ ಹೊತ್ತು ನೋಡಿದರು. ‘ಇವ್ಳೇ’ ಎಂದರು.

ಅಲ್ಲಿಗೆ ಮುಗಿಸಬೇಕಿತ್ತು. ಬುದ್ಧಿ ಇದ್ದವರಾಗಿದ್ದರೆ ಹಾಳೆಯನ್ನು ಹಾಗೆಯೇ ಶ್ರೀವಿದ್ಯಕ್ಕನ ಕೈಗೆ ಕೊಡುತ್ತಿದ್ದರು. ಆದರೆ ರೂಮಿಗೆ ಬಂದು ಶಾಯಿಯಲ್ಲಿ ತಿದ್ದಿ ನೋಡಿದಾಗ ಚಿತ್ರ ಅವನದಾಗಿ ಕಾಣಲಿಲ್ಲ. ಎಲ್ಲ ಇತ್ತು, ಡೆಪ್ತ್ ಇರಲಿಲ್ಲ. ರತನ್ ಏನೆಂದಾನು? ಸುಶಾಂತ ಬ್ರಶ್ ಪೆನ್ನು ತೆಗೆದ. ರಾಕ್ಷಸಿಯ ಎಡಗಡೆಯಿಂದ ಬೆಳಕು ಬರಿಸಿದ. ಬಲಗೆನ್ನೆಯ ಮೇಲೆ ಕಪ್ಪು ಸುರಿದು, ಚುಟ್ಟಿಯ ಚುಕ್ಕೆಗಳನ್ನು ಮಾತ್ರ ಜೋಪಾನವಾಗಿ ಬಿಳಿ ಬಿಟ್ಟ. ಒಂದೊಂದು ಚುಕ್ಕೆಯೂ ಕತ್ತಲಲ್ಲಿ ಉರಿಯತೊಡಗಿತು. ಇದಕ್ಕಿಂತ ಒಳ್ಳೆಯದನ್ನು ಅವನು ಬರೆದದ್ದಿಲ್ಲ. ಕಪ್ಪು ಬೊಟ್ಟು ಕಪ್ಪು ನೆರಳಿನಡಿ ಎಲ್ಲಿ ಹೋಯಿತು ಎಂದು ಅವನಿಗೆ ನೆನಪೇ ಆಗಲಿಲ್ಲ.

ಆಟದ ದಿನ ಬೆಳಿಗ್ಗೆ ಹಾಳೆಯನ್ನು ಪಾರ್ಲರಿನಲ್ಲಿ ಕೊಟ್ಟು ಬಸ್ಸು ಹತ್ತಿದ. ಶ್ರೀವಿದ್ಯಕ್ಕ ನೋಡಿ, ‘ಅಬ್ಬಾ’ ಎಂದಿದ್ದಳು. ಆ ಅಬ್ಬಾವನ್ನು ಅವನು ದಿನವಿಡೀ ಕಮೋಡುಗಳ ನಡುವೆ ಚಪ್ಪರಿಸಿದ.

ಸಂಜೆ ಧಣಿಯ ಕಾಲು ಹಿಡಿದು ಬೇಗ ಬಿಡಿಸಿಕೊಂಡು ಶಾಲೆಯ ಮೈದಾನಕ್ಕೆ ಬಂದಾಗ ಚೆಂಡೆ ಕೇಳುತ್ತಿತ್ತು. ಚೌಕಿ, ಎಂದರೆ ವೇಷ ಕಟ್ಟುವ ಜಾಗ, ಒಂದು ತರಗತಿಯ ಕೋಣೆಯಲ್ಲಿ. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ.

ಬೆಂಚಿನ ಮೇಲೆ ಕೂತಿದ್ದ ರಾಕ್ಷಸಿಯ ಎಡಗೆನ್ನೆ ಕೆಂಪಗೆ, ಸಾಲು ಚುಟ್ಟಿಯೊಂದಿಗೆ, ಹೇಗಿರಬೇಕೋ ಹಾಗೆ ಇತ್ತು. ಬಲಗೆನ್ನೆ, ಹಣೆಯ ನಡುವಿನಿಂದ ಗಲ್ಲದವರೆಗೆ, ಮಸಿಯ ಮಡಕೆಯ ಹಾಗೆ ಕಪ್ಪು. ಶ್ರೀವಿದ್ಯಕ್ಕ ಅವನ ನೆರಳನ್ನು ಬಣ್ಣ ಎಂದು ಓದಿದ್ದಳು. ಓದಿ, ಅಂಚು ಕಾಣದ ಹಾಗೆ ಬೆರಳಿನಿಂದ ತೀಡಿ, ಮದುಮಗಳ ಮೂಗು ತೀಡಿದಷ್ಟೇ ಅಚ್ಚುಕಟ್ಟಾಗಿ ಮುಗಿಸಿದ್ದಳು.

‘ಹ್ಯಾಂಗಿತ್ತ್?’ ಎಂದಳು ಹೆಮ್ಮೆಯಿಂದ. ‘ನಿನ್ ಚಿತ್ರದ ಪ್ರಕಾರವೇ.’

‘ಅಕ್ಕಾ... ಅದು ನೆರಳು.’

‘ಎಂತ ನೆರಳ್?’

‘ಈ ಬದಿಯ ಕಪ್ಪು ಬಣ್ಣ ಅಲ್ಲ ಅಕ್ಕ. ಬೆಳಕು ಆ ಕಡೆಯಿಂದ ಬಂದರೆ ಈ ಕಡೆ ಬೀಳುವ ನೆರಳು. ಚಂದಕ್ಕೆ ಹಾಕಿದ್ದು.’

ಶ್ರೀವಿದ್ಯಕ್ಕ ಗೋಡೆಗೆ ಅಂಟಿಸಿದ್ದ ಹಾಳೆಯನ್ನೂ ಅಪ್ಪನನ್ನೂ ಎರಡೆರಡು ಸಲ ನೋಡಿದಳು. ‘ಎಂತ ಸಾವ್ ಮಾರಾಯ! ನಾವ್ ಮೂಗ್ ಚೂಪ್ ಕಾಂಬುಕೆ ಬದಿಗೆ ಕಪ್ಪ್ ತೀಡುದಿಲ್ಯಾ? ಇದೂ ಹಾಂಗೇ, ಚೂರ್ ಜಾಸ್ತಿ ಅಂದ್ಕಂಡೆ. ಚಂದಕ್ಕಂಬ್ರ್, ಚಂದಕ್ಕೆ!’

‘ಎಂತಾ ನಿಮ್ಮದ್ ಗುಸುಗುಸು?’ ಎಂದಿತು ರಾಕ್ಷಸಿ. ಕನ್ನಡಕ ತೆಗೆದರೆ ಕಮಲಾಕ್ಷಣ್ಣನಿಗೆ ಕನ್ನಡಿ ಎಂದರೆ ಹೊಗೆ. ಕನ್ನಡಕ ಹಾಕಿದರೆ ಬಣ್ಣ ಬರೆಯಲಾಗುವುದಿಲ್ಲ. ಅವರು ಇಷ್ಟು ಹೊತ್ತೂ ಮಗಳ ಬೆರಳನ್ನು ನಂಬಿ ಕೂತಿದ್ದರು. ‘ಕನ್ನಡ್ಕ ತನ್ನಿ.’

ಸುಶಾಂತನೇ ಕೊಟ್ಟ. ಬಣ್ಣಕ್ಕೆ ತಾಗದಂತೆ ಕನ್ನಡಕವನ್ನು ಮೂಗಿನಿಂದ ಒಂದಿಷ್ಟು ದೂರ ಅವನೇ ಹಿಡಿದ, ಶ್ರೀವಿದ್ಯಕ್ಕ ಕನ್ನಡಿ ಹಿಡಿದಳು. ಕಮಲಾಕ್ಷಣ್ಣ ನೋಡಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಬೈಗುಳಕ್ಕೆ ಸುಶಾಂತ ತಲೆ ತಗ್ಗಿಸಿ ಸಿದ್ಧನಾದ. ಆದರೆ ಅವರು ಮಗುವೊಂದು ಹೊಸ ಆಟಿಕೆಯನ್ನು ತಿರುಗಿಸಿದ ಹಾಗೆ ತಮ್ಮ ಮುಖವನ್ನು ಮತ್ತೆ ಆಚೀಚೆ ತಿರುಗಿಸಿದರು.

‘ಬೊಟ್ಟ್ ಎಲ್ಲಿ?’

‘ಯಾವ್ ಬೊಟ್ಟ್ ಅಪ್ಪಯ್ಯ?’

ಸುಶಾಂತ ಹಿಡಿದಿದ್ದ ಕನ್ನಡಕವನ್ನು ಕೆಳಗಿಳಿಸಿದ. ‘ನನ್ನ ಕಪ್ಪಿನ ಅಡಿಗೆ ಹೋಯ್ತು ಕಮಲಾಕ್ಷಣ್ಣ’ ಎಂದ. ಈ ಸಲ ನೆರಳಿನಲ್ಲಿ ಅಡಗಲು ಜಾಗವಿರಲಿಲ್ಲ.

ಯುವಕ ಮಂಡಲದ ಪ್ರೇಮಾನಂದ ಬಾಗಿಲಲ್ಲಿ ತಲೆ ಹಾಕಿ, ‘ಹೊತ್ತಾಯ್ತ್, ತೆರೆ ಹಿಡೂಕೆ ಹೇಳ್ಲಾ?’ ಎಂದ. ರಾಕ್ಷಸಿಯ ಮುಖ ಕಂಡು ಉಳಿದ ಮಾತು ನುಂಗಿದ.

‘ನಾ ಈಗ ಬತ್ತಿಲ್ಲೆ’ ಎಂದರು ಕಮಲಾಕ್ಷಣ್ಣ.

ಒರೆಸಿ ಬರೆಯುವಂತಿಲ್ಲ. ಚುಟ್ಟಿ ಒಣಗಿತ್ತು, ತೆಗೆದರೆ ಮೊದಲಿನಿಂದ ಇಡಬೇಕು. ಕಾಡಿಗೆಯ ಡಬ್ಬಿ ಶ್ರೀವಿದ್ಯಕ್ಕನ ಕೈಯಲ್ಲೇ ಇತ್ತು, ಆದರೆ ಕಪ್ಪಿನ ಮೇಲೆ ಕಪ್ಪು ಇಟ್ಟರೆ ಯಾರಿಗೆ ಕಾಣುತ್ತದೆ?

‘ಒಂದ್ ಬೊಟ್ಟಿಗೆ ಎಂತಕ್ ಅಪ್ಪಯ್ಯ ಇಷ್ಟ್?’ ಅವಳಿಗೆ ಅಳು ಬರುವಂತಾಗಿತ್ತು.

ಉತ್ತರ ಮೂಲೆಯಿಂದ ಬಂತು. ವೇದಾವತಮ್ಮ ಗಂಡನ ಗೆಜ್ಜೆ ಒರೆಸುತ್ತ ಕೂತಿದ್ದವರು ತಲೆ ಎತ್ತದೆ ಹೇಳಿದರು: ‘ಅದ್ ನಿಂದೇ ಬೊಟ್ಟ್. ನೀ ಕೂಸ್ ಆಗಿಪ್ಪತ್ತಿಗೆ ದೃಷ್ಟಿಗೆ ಕೆನ್ನೆಗೆ ಇಡ್ತಿದ್ದೆ. ಮೇಳಕ್ಕೆ ಹೋಪ ದಿನ ನಿನ್ ಎತ್ಕಂಡ್ರ್, ಅದ್ ಇವ್ರ್ ಕೆನ್ನೆಗೆ ಹತ್ತಿತ್. ಅಲ್ಲಿ ಹೋಯಿ ಕನ್ನಡಿ ಕಂಡದ್ದಂಬ್ರ್. ಒರ್ಸೂಕೆ ಮನ್ಸ್ ಬರ್ಲಿಲ್ಲೆ. ಅದ್ರ ಸುತ್ತವೇ ಬಣ್ಣ ಬರ್ಕಂಡ್ರ್. ಮತ್ತೆ ದಿನಾ ಇಟ್ರ್.’

‘ಅಷ್ಟೇ ಅಲ್ಲ’ ಎಂದರು ಕಮಲಾಕ್ಷಣ್ಣ, ಸ್ವಲ್ಪ ನಾಚಿಕೆಯಿಂದ. ರಾಕ್ಷಸಿ ನಾಚುವುದನ್ನು ಸುಶಾಂತ ಅಂದೇ ನೋಡಿದ್ದು. ‘ರಾಕ್ಷಸಿಗೂ ಒಬ್ಳ್ ಅಬ್ಬೆ ಇಪ್ಪುದಿಲ್ಯಾ? ಅವ್ಳಿಗೆ ಇವ್ಳ್ ಚಂದವೇ ಅಲ್ದಾ? ಜನ ಹೆದ್ರುಕೆ ಮೊದ್ಲ್ ಯಾರೋ ಒಬ್ರ್ ಇವ್ಳಿಗೆ ದೃಷ್ಟಿ ಆಪ್ದ್ ಬೇಡ ಅಂದಿರ್.’

ಶ್ರೀವಿದ್ಯಕ್ಕ ಮೂಗೊರೆಸಿಕೊಂಡಳು. ಕಾಡಿಗೆಯ ಡಬ್ಬಿಯನ್ನು ಕೆಳಗಿಟ್ಟಳು. ಅಕ್ಕಿಹಿಟ್ಟಿನ ಬಟ್ಟಲಿಗೆ ಕಡ್ಡಿ ಅದ್ದಿ, ಅಪ್ಪನ ಗಲ್ಲ ಹಿಡಿದು, ‘ಎಲ್ಲಿ? ಈ ಬದಿಗಾ?’ ಎಂದು ಸುಶಾಂತನನ್ನೇ ಕೇಳಿದಳು.

‘ಇನ್ನೂ ಒಂಚೂರು ಕೆಳಗೆ. ಹಾಂ.’

ಕಪ್ಪು ಕೆನ್ನೆಯ ಮೇಲೆ, ಚುಟ್ಟಿಯ ಸಾಲಿಗೆ ಸೇರದೆ, ಒಂಟಿಯಾಗಿ ಒಂದು ಬಿಳಿ ಬೊಟ್ಟು ಕೂತಿತು. ಮತ್ತೆ ಕನ್ನಡಕ, ಮತ್ತೆ ಕನ್ನಡಿ. ಕಮಲಾಕ್ಷಣ್ಣ ನೋಡಿದರು. ‘ಗೆಜ್ಜೆ ತಾ ವೇದಾ’ ಎಂದರು.

ಸುಶಾಂತ ಕಡೇ ಸಾಲಿಗೆ ಓಡಿದ. ಇಬ್ಬರು ತೆರೆ ಹಿಡಿದಿದ್ದರು. ಮೊದಲು ತೆರೆಯ ಮೇಲೆ ಕೆದರಿದ ಕೂದಲು, ಆಮೇಲೆ ಕೆಳಗೆ ತುಳಿಯುವ ಕಾಲು, ಅಂಚಿನಲ್ಲಿ ಹತ್ತು ಬೆರಳು. ಬೆರಳು ನಡುಗುತ್ತಿದ್ದವು. ನೋಡುವವರಿಗೆ ಅದು ಕೋಪವಾಗಿ ಕಂಡಿರಬೇಕು. ಆರ್ಭಟೆ ಕೇಳಿತು, ತೆರೆ ಸರಿಯಿತು. ರಾಕ್ಷಸಿ ಎಡಗೆನ್ನೆಯನ್ನೇ ಜನಕ್ಕೆ ಕೊಟ್ಟು ನಿಂತಿದ್ದಳು. ಊರಿಗೆ ಗೊತ್ತಿದ್ದ ಹಳೆಯ ಮುಖ. ಚಪ್ಪಾಳೆ ಬಿತ್ತು. ಕುಣಿದು ಸುತ್ತು ಬರುವಾಗ ಬಲಗೆನ್ನೆ ಕಂಡಿತು. ಚಪ್ಪಾಳೆ ಅರ್ಧಕ್ಕೆ ನಿಂತಿತು.

ಹೆಣ್ಣುಬಣ್ಣದವರಿಗೆ ಒಂದು ಆಟವಿದೆ: ಅಂಗೈಯನ್ನು ಕನ್ನಡಿ ಮಾಡಿಕೊಂಡು ರಾಕ್ಷಸಿ ಸಿಂಗರಿಸಿಕೊಳ್ಳುವುದು. ಕಮಲಾಕ್ಷಣ್ಣ ಅಂಗೈ ಎತ್ತಿದರು. ಎಡಗೆನ್ನೆ ನೋಡಿ ಬೀಗಿದರು. ಕೈಯನ್ನು ಬಲಕ್ಕೆ ತಂದರು, ಬೆಚ್ಚಿ ಬಿದ್ದರು. ಒರೆಸಿ ನೋಡಿದರು, ಹೋಗಲಿಲ್ಲ. ಜನ ನಗತೊಡಗಿದರು. ಆಮೇಲೆ ಅವರು ಮೆಲ್ಲ ಬಗ್ಗಿ, ಅಂಗೈಯನ್ನು ಇನ್ನಷ್ಟು ಹತ್ತಿರ ತಂದು, ಏನನ್ನೋ ಕಂಡವರಂತೆ ನಿಂತರು. ಬಿಳಿ ಬೊಟ್ಟಿನ ಪಕ್ಕ ಬೆರಳು ಹೋಯಿತು, ಮುಟ್ಟಲಿಲ್ಲ. ಚೆಂಡೆಯವನು ಏನು ತಿಳಿದನೋ, ಕೈ ತಡೆದ. ರಾಕ್ಷಸಿ ಆ ಬೊಟ್ಟನ್ನು ನೋಡಿ ನಕ್ಕಳು. ಹೆದರಿಸುವ ನಗುವಲ್ಲ.

ಕಡೇ ಸಾಲಿನಿಂದ ಸುಶಾಂತನಿಗೆ ಬೊಟ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಪ್ಪು ಬೊಟ್ಟಾಗಿದ್ದಾಗ ಅದು ಮುಂದಿನ ಸಾಲಿಗಾದರೂ ಕಂಡಿತ್ತೋ ಇಲ್ಲವೋ.

ಎಲ್ಲರಿಗೂ ಹಿಡಿಸಿತು ಎನ್ನುವಂತಿಲ್ಲ. ಮಾರನೇ ಬೆಳಿಗ್ಗೆ ಸಾಲಿಗ್ರಾಮದ ಹೋಟೆಲಿನಲ್ಲಿ ಇಬ್ಬರು ಹಿರಿಯರು, ‘ಇದೆಂತ ಹೊಸ ಕ್ರಮ? ಅರ್ಧ ಬಣ್ಣ ಹಾಕುವತ್ತಿಗೆ ಕರೆಂಟ್ ಹೋಯ್ತಾ ಹ್ಯಾಂಗೆ?’ ಎಂದು ಬನ್ಸ್ ಮುರಿಯುತ್ತಿದ್ದರು. ಸುಶಾಂತ ಅವರ ಕಡೆ ಬೆನ್ನು ಹಾಕಿ ಚಾ ಕುಡಿದ. ಕರೆಂಟು ತೆಗೆದವನು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ.

ವಾರ ಕಳೆದು ಶ್ರೀವಿದ್ಯಕ್ಕ ಬಣ್ಣ ಮೆತ್ತಿದ ಅದೇ ಹಾಳೆಯನ್ನು ತಂದುಕೊಟ್ಟಳು. ‘ಅಪ್ಪಯ್ಯ ಇದಕ್ಕೆ ಫ್ರೇಮ್ ಹಾಕ್ಸ್ಕ್ ಅಂತ್ರ್.’

‘ಇದು ಬೇಡ ಅಕ್ಕ. ನೆರಳಿಲ್ಲದ್ದು ಒಂದು ಬರೆದು ಕೊಡುತ್ತೇನೆ.’

‘ಇದೇ ಬೇಕಂಬ್ರ್. ಕಪ್ಪ್ ಇರ್ಲಿ ಅಂದ್ರ್. ಬೊಟ್ಟ್ ಮಾತ್ರ ಇಡ್ಕಂಬ್ರ್. ಈ ಸಲ ಮರ್ತ್ರೆ ಮನೆಗ್ ಬಪ್ಪುದ್ ಬೇಡ ಅಂದಿರ್ ಅಬ್ಬೆ.’

ಹಾಳೆಯನ್ನು ಅವನು ಅಂಗಡಿಗೆ ಒಯ್ದ. ಬಿಳಿ ಶಾಯಿ ಅವನಲ್ಲಿ ಇರಲಿಲ್ಲ. ಅಷ್ಟು ವರ್ಷದ ಆರ್ಟಿಸ್ಟಿಗೆ ಅದು ಬೇಕೆಂದು ಕಂಡೇ ಇರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಬಿಲ್ಲಿನ ತಪ್ಪು ಮುಚ್ಚಲು ಇಟ್ಟುಕೊಂಡ ವೈಟ್ನರ್ ಇತ್ತು. ಅಲ್ಲಾಡಿಸಿ, ಮುಚ್ಚಳ ತೆಗೆದು, ಕೈ ನಡುಗದಿರಲಿ ಎಂದು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಕಪ್ಪಿನ ನಡುವೆ ಇಟ್ಟ. ಎದುರಿಗೆ ಬಂದು ನಿಂತ ಗಿರಾಕಿ ವಾಶ್‌ಬೇಸಿನ್ ಕೇಳಿದರು.

‘ಒಂದ್ ನಿಮಿಷ’ ಎಂದ ಸುಶಾಂತ. ‘ಇದೊಂದ್ ಒಣಗ್ಲಿ.’